ಸೆರಗುಬಂಡೆ

ನೂಲಿಹಾಳದ ಹೊಳೆಯ ನಡುವೆ ಇಂದಿಗೂ ಒಂದು ಕರಿಬಂಡೆ ನಿಂತಿದೆ. ಅದರ ನೆತ್ತಿಯಷ್ಟೇ ಕೆಂಪು. ಕಪ್ಪು ಕೆಂಪು ಕೂಡುವಲ್ಲಿ ಹಲ್ಲುಹಲ್ಲಾದ ಬಿಳಿ ಗೆರೆ. ಥೇಟ್ ಕರಿಸೀರೆಗೆ ಕೆಂಪು ಸೆರಗು ಕೂಡಿಸಿದ ಹಾಗೆ. ಕಲ್ಲು ಬಲ್ಲವರು ಬಂದು ಅದರ ಜಾತಿ ಹೇಳಿ ಹೋಗಿದ್ದಾರೆ. ಹೇಳಲಿ ಪಾಪ, ಅವರ ಮನೆಯಲ್ಲಿ ಮಗ್ಗವಿಲ್ಲ. ಊರವರು ಮಾತ್ರ ಅದನ್ನು ಸೆರಗುಬಂಡೆ ಎನ್ನುತ್ತಾರೆ.

ಹಿಂದೆ ಒಮ್ಮೆ ಇಲ್ಲಿ ಮುರಿಗೆವ್ವ ಎಂಬ ನೇಕಾರ್ತಿ ಇದ್ದಳು. ಗಂಡನಿಲ್ಲ, ದುಂಡವ್ವ ಎಂಬ ಒಬ್ಬಳೇ ಮಗಳು. ಆ ವರ್ಷ ಊರದೇವತೆ ಗುಡ್ಡದವ್ವನಿಗೆ ಸೀರೆ ನೇಯುವ ಸರದಿ ಮುರಿಗೆವ್ವನದು. ದೇವಿಯ ಸೀರೆಗೆ ಉದ್ದಕ್ಕೆ ಎಳೆದ ನೂಲು, ಅಂದರೆ ಹಾಸು, ನೆಲ ಮುಟ್ಟಬಾರದು, ಮುಟ್ಟಿದರೆ ಆ ಮನೆಯ ಮಗ್ಗ ಮತ್ತೆ ನುಡಿಯದು ಎಂಬುದು ಕಟ್ಟಳೆ. ಒಡಲಿನ ಕರಿ ನೂಲಿನ ಹಾಸನ್ನು ಬೀದಿಯುದ್ದಕ್ಕೂ ಗೂಟಗಳ ಮೇಲೆ ಎಳೆದು ಗಂಜಿ ಹಚ್ಚಿದ್ದಳು. ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆಯೇ ಇತ್ತು. ಇವೆರಡರ ತುದಿಗಳನ್ನು ಕಣ್ಣಿಗೆ ಕಣ್ಣು, ಅಂದರೆ ಕುಣಿಕೆಗೆ ಕುಣಿಕೆ, ಸಿಕ್ಕಿಸಿ ಕೂಡಿಸುವುದಕ್ಕೆ ನೇಕಾರರು ಕೊಂಡಿ ಎನ್ನುತ್ತಾರೆ.

ದುಂಡವ್ವ ಹೊಳೆಯ ನಡುವಿನ ಈ ಬಂಡೆಯ ಮೇಲೆ ನೂಲು ತೊಳೆಯುತ್ತಿದ್ದಾಗ ಮೇಲೆಲ್ಲೋ ಸುರಿದ ಮಳೆಯ ನೀರು ಒಮ್ಮೆಲೇ ನುಗ್ಗಿ ಸುತ್ತುವರಿಯಿತು. ಊರವರು ಬಾವಿಹಗ್ಗಗಳನ್ನು ಗಂಟಿಕ್ಕಿ ತೇಲಿಬಿಟ್ಟರು. ಒದ್ದೆ ಗಂಟುಗಳು ಜಾರಿ ಹಗ್ಗಗಳೆಲ್ಲ ಹೊಳೆಪಾಲಾದವು. ಆಗ ಮುರಿಗೆವ್ವ ಓಡಿಹೋಗಿ ದೇವಿಯ ಹಾಸುಗಳೆರಡನ್ನೂ ಕಿತ್ತು, ನೆಲದ ಮೇಲೆ ಎಳೆದುಕೊಂಡು ಬಂದಳು. ಪೂಜಾರಿ ಕಲ್ಲಪ್ಪಜ್ಜ ಅಡ್ಡ ಬಂದ.

"ಯವ್ವಾ, ಅದು ದೇವೀದು! ನಿನ್ನ ಮಗ್ಗ ನಿಂತು ಹೋಗತೈತಿ!"

"ನಿಲ್ಲಲಿ ಬಿಡ್ರಿ, ಅಜ್ಜಾರ. ಮಗಳು ಇಲ್ಲದ ಮನ್ಯಾಗ ಮಗ್ಗ ಯಾರಿಗೆ ನುಡೀಬೇಕು?"

ಕರಿ ಹಾಸಿನ ತುದಿಗೆ ಕೆಂಪು ಹಾಸು ಕೂಡಿಸಿದರೆ ಮಾತ್ರ ಬಂಡೆ ಮುಟ್ಟುವಷ್ಟು ಉದ್ದ. ನೀರು ಮಗಳ ಮೊಣಕಾಲಿಗೆ ಬಂದಿತ್ತು. "ಲಗೂ ಗಂಟು ಹಾಕ!" ಎಂದು ಜನ ಕೂಗಿದರು. "ಗಂಟು ಜಾರತೈತಿ. ಕೊಂಡಿ ಎಳದಷ್ಟೂ ಬಿಗಿತೈತಿ," ಎಂದು ಮುರಿಗೆವ್ವ ದಡದಲ್ಲಿ ಕುಳಿತೇ ಬಿಟ್ಟಳು. ಬಾಯಲ್ಲಿ ಗುಡ್ಡದವ್ವನ ಹೆಸರು. ಹಿಡಿ ಹಿಡಿ ಎಳೆ ಸೇರಿಸಿ ಕೊಂಡಿ ಹಾಕುವಾಗ ಒಂದು ಕಣ್ಣನ್ನೂ ತಪ್ಪಿಸಲಿಲ್ಲ. ಹಾಸನ್ನು ಹೊಸೆದು, ಕೆಂಪು ತುದಿಗೆ ಒಣ ಸೋರೆಬುರುಡೆ ಕಟ್ಟಿ ಮೇಲುಹರಿವಿನಿಂದ ಬಿಟ್ಟರು. ದುಂಡವ್ವ ಅದನ್ನು ಹಿಡಿದು ನಡುವಿಗೆ ಬಿಗಿದುಕೊಂಡಳು. ಊರಿಗೆ ಊರೇ ಎಳೆಯಿತು. ಕೊಂಡಿ ಬಿಡಲಿಲ್ಲ, ಮಗಳು ತಾಯಿಯ ಮಡಿಲಿಗೆ ಬಂದು ಬಿದ್ದಳು.

ಮರುದಿನ ನೀರು ಇಳಿದಾಗ ಬಂಡೆಯ ನೆತ್ತಿ ಕೆಂಪಾಗಿತ್ತಂತೆ. ಹಸಿ ಬಣ್ಣ ಇಳಿದಿರಬೇಕೆಂದು ತಿಕ್ಕಿ ನೋಡಿದರು, ಹೋಗಲಿಲ್ಲ. ಎಲ್ಲರೂ ಕೈಮುಗಿದು ನಿಂತರು. "ಅವ್ವ ತನ್ನ ಸೀರೀನ ತಾನ ಉಟ್ಟಾಳ," ಎಂದು ಕಲ್ಲಪ್ಪಜ್ಜ ಮರಳಿನಲ್ಲೇ ಉದ್ದಂಡ ಬಿದ್ದ.

ಈಗಲೂ ಇಲ್ಲಿಯ ಹೆಂಗಸರು ಹೊಸ ಹಾಸಿನ ಮೊದಲ ಕೊಂಡಿಯನ್ನು ಬಂಡೆಯ ಕಡೆ ಮುಖ ಮಾಡಿಯೇ ಹಾಕುತ್ತಾರೆ. ನೋಡಲು ಬಂದವರು ಸೆರಗು ಕಂಡು ಬೆರಗಾಗಿ ಹೊರಡುವಾಗ ಊರವರು, ತುಸು ನಿಂತು ಕೇಳಿರಿ ಎನ್ನುತ್ತಾರೆ. ದಡದ ಮೇಲಿನ ಮೊದಲ ಮನೆ ಮುರಿಗೆವ್ವನದು. ಒಳಗೆ ಮಗ್ಗ ನುಡಿಯುತ್ತಿರುತ್ತದೆ.