ಮನಸ್ಸು ತಿಳಿ ಮಾಡಿಕೊಂಡ ಕೊಟ್ರ

ಹುಲಿಗೆವ್ವ ಅಂತ ಒಬ್ಬಳು ವಿಧವೆ. ಅವಳಿಗೆ ಕೊಟ್ರ ಅಂತ ಒಬ್ಬನೇ ಮಗ. ಆಳೇನೋ ಬಾಗಿಲೆತ್ತರ, ಬುದ್ಧಿ ಮಾತ್ರ ಹೊಸ್ತಿಲು ದಾಟಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅವ್ವನ ಕಣ್ಣೀರಿಗೆ ಅದೇ ಕಾರಣ.

ಒಂದು ಸಲ ಊರ ಛತ್ರಕ್ಕೆ ಚೀನಾ ದೇಶದ ಮುದಿ ಸನ್ಯಾಸಿಯೊಬ್ಬ ಬಂದಿಳಿದ. ಹುಲಿಗೆವ್ವ ಮಗನನ್ನು ಎಳೆದುಕೊಂಡು ಹೋದಳು.

"ನಾ ಸತ್ರ ಇವಗ ಯಾರು ದಿಕ್ಕು, ಸ್ವಾಮೇರ? ಒಂದೀಟು ಬುದ್ಧಿ ಹೇಳ್ರಿ!"

"ಕದಡಿದ ನೀರು ಕೆಣಕಬೇಡ, ಮಗು. ಸುಮ್ಮನೆ ಕೂತರೆ ತಾನೇ ತಿಳಿಯಾಗುತ್ತದೆ," ಅಂದ ಸನ್ಯಾಸಿ.

ಕೊಟ್ರ ಅದನ್ನೇ ಬಾಯಿಪಾಠ ಮಾಡುತ್ತ ಕೆರೆ ಹಾದಿ ಹಿಡಿದ. ಕೆರೆಯಲ್ಲಿ ಪಕ್ಕದ ಮನೆ ಸಂಗಪ್ಪನ ಕರು ಬಿದ್ದು ಒದ್ದಾಡುತ್ತಿತ್ತು. ನೀರೆಲ್ಲ ರಾಡಿ!

"ಎಳಿಯೋ ಕೊಟ್ರಾ, ಎಳಿಯೋ!" ಆಚೆ ದಡದಿಂದ ಸಂಗಪ್ಪ ಕೂಗಿಕೊಂಡ.

"ಕೆಣಕಬಾರದು, ಕಾಕಾ! ಸುಮ್ನ ಕುಂದ್ರು!"

ಕೊಟ್ರ ಕೂತ. ಕರು ಮುಳುಗಿತು. ನೀರು ತಿಳಿಯಾಯಿತು. ತಳದಲ್ಲಿ ಕರು ಚೆನ್ನಾಗಿ ಕಂಡಿತು.

ಸಂಗಪ್ಪ ಹೊಡೆದ ಹೊಡೆತಕ್ಕೆ ಬೆನ್ನು ಬಾತುಹೋಯಿತು. ಅವ್ವ ಅಳುತ್ತ ಮತ್ತೆ ಛತ್ರಕ್ಕೆ ಓಡಿದಳು.

"ನಾನು ಹೇಳಿದ್ದು ಮನಸ್ಸಿನ ಮಾತು, ಕೆರೆಯದಲ್ಲ," ಅಂತ ಸನ್ಯಾಸಿ ನಿಟ್ಟುಸಿರು ಬಿಟ್ಟ. "ಒಳಗೆ ತುಂಬಿಕೊಂಡದ್ದನ್ನೆಲ್ಲ ಹೊರಗೆ ಹಾಕು. ಖಾಲಿಯಾದಲ್ಲಿ ನೆಮ್ಮದಿ ಬಂದು ಕೂರುತ್ತದೆ." ಮರುದಿನ ಅವನು ತನ್ನ ದಾರಿ ಹಿಡಿದು ಹೋದ.

ಅವ್ವ ಕೂಲಿಗೆ ಹೋಗಿದ್ದಳು. ಕೊಟ್ರ ಒಳಗಿದ್ದದ್ದನ್ನೆಲ್ಲ ಹೊರಗೆ ಹಾಕಿದ. ಚಾಪೆ ಹಾಕಿದ, ಕೌದಿ ಹಾಕಿದ, ಗುಡಾಣದ ಜೋಳವನ್ನೂ ಬೀದಿಗೆ ಸುರಿದ. ಊರ ದನಗಳು ತಿಂದವು. ಮಿಕ್ಕದ್ದು ಮಳೆಗೆ ಕೊಚ್ಚಿಹೋಯಿತು. ಕೊಟ್ರ ಮನೆಮನೆಗೆ ಹೋಗಿ ಸಾರಿದ, "ಬರ್ರಿ, ನೋಡ್ರಿ! ನಮ್ಮನಿ ಖಾಲಿ! ಈಗ ನೆಮ್ಮದಿ ಬರ್ತೈತಿ!"

ಹುಲಿಗೆವ್ವ ಎದೆ ಎದೆ ಬಡಿದುಕೊಂಡಳು. "ವರ್ಷದ ಕೂಳು ಚೆಲ್ಲಿದ್ಯಲ್ಲೋ! ಮ್ಯಾಲ ಊರಿಗೆಲ್ಲ ಸಾರಿ ಬಂದ್ಯಾ? ಇನ್ನ ಹೊರಗ ಹೋದಾಗ ಬಾಯಿ ಮುಚ್ಕೊಂಡಿರು! ಬಾಯಿ ಸುಮ್ನಿದ್ರ ಮನಸೂ ಸುಮ್ನಿರ್ತೈತಿ!"

"ಆಗಲಿ, ಯವ್ವಾ."

ಇದ್ದ ಗಂಜಿಯನ್ನು ಮಗನಿಗೆ ಬಡಿಸಿ ಅವಳು ನೀರು ಕುಡಿದು ಮಲಗುವಳು. ಹೀಗೇ ನಡೆದು ನಡೆದು ಒಂದು ದಿನ ಜ್ವರ ಬಂತು. ಏಳಲಾಗಲಿಲ್ಲ.

"ಕೊಟ್ರಾ... ಪಂಡಿತನ್ನ ಕರ್ಕೊಂಡು ಬಾರೋ. ಓಡು!"

ಕೊಟ್ರ ಓಡಿದ. ಪಂಡಿತನ ಮುಂದೆ ತುಟಿ ಬಿಗಿದು ನಿಂತ.

"ಯಾರಿಗೇನಾಗೈತಿ?"

ಮಾತಿಲ್ಲ.

"ಹೊಟ್ಟಿ ನೋವಾ? ಹಲ್ಲು ನೋವಾ?"

ಮಾತಿಲ್ಲ.

"ಬಾಯಿ ತಗಿ ನೋಡೋಣು!"

ಕೊಟ್ರ ಎರಡೂ ಕೈಯಿಂದ ಬಾಯಿ ಒತ್ತಿಕೊಂಡ. "ಅಯ್ಯೋ ಪಾಪ, ದವಡಿ ಹಿಡದೈತಿ!" ಅಂದ ಪಂಡಿತ. ಬಿಸಿ ಎಣ್ಣೆ ತಿಕ್ಕಿದ. ಗದ್ದದಿಂದ ನೆತ್ತಿಗೆ ಬಟ್ಟೆ ಕಟ್ಟಿದ. ಕಟ್ಟೆಯ ಮೇಲೆ ಮಲಗಿಸಿದ. ಕೊಟ್ರ ಮಲಗಿದ. ಮನಸ್ಸು ನಿಜಕ್ಕೂ ಸುಮ್ಮನಾಗಿತ್ತು. ಹೊತ್ತು ಇಳಿದ ಮೇಲೆ ಎದ್ದು ಮನೆಗೆ ಬಂದ.

ಅವ್ವ ಅಲುಗಾಡದೆ ಮಲಗಿದ್ದಳು. ಕೈ ತಣ್ಣಗಿತ್ತು. ಬಾಯಿ ಮಾತ್ರ ತೆರೆದೇ ಇತ್ತು.

"ಯವ್ವಾ, ನೀನೇ ಬಾಯಿ ತಗದೀಯಲ್ಲ!" ಅಂದ ಕೊಟ್ರ. ತನ್ನ ಗದ್ದದ ಬಟ್ಟೆ ಬಿಚ್ಚಿ ಅವಳಿಗೆ ಮೆಲ್ಲಗೆ ಕಟ್ಟಿದ.

ಕಟ್ಟಿ, ಬೈಗುಳಕ್ಕೆ ಕಾಯುತ್ತ ಪಕ್ಕದಲ್ಲೇ ಕೂತ.