ಟಕ್ ಅನ್ನೋ ಕಂಪ್ಯೂಟರು, ಹೂಂ ಅನ್ನೋ ಮಗ

ಹೇಳಿದ ಮಾತು ಕೇಳುವ ಮಗ ಹುಟ್ಟಲಿ ಅಂತ ಹರಕೆ ಹೊರುವ ತಾಯಂದಿರು ಯಾರಾದರೂ ಇದ್ದರೆ ಸ್ವಲ್ಪ ತಡೆಯಿರಿ. ಪಾಲಾಕ್ಷಮ್ಮನೂ ಹಾಗೇ ಹರಕೆ ಹೊತ್ತವಳು. ದೇವರು ಕೊಟ್ಟೇಬಿಟ್ಟ. ಹೇಳಿದ್ದನ್ನು ಹೇಳಿದ ಹಾಗೇ ಕೇಳುವ ಮಗ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಹೆಸರು ಮುರಿಗೇಶ, ಕರೆಯೋದು ಮುರಿಗ. ಶಾಲೆಯಲ್ಲಿ ಮೇಷ್ಟ್ರು ಪುಸ್ತಕ ಮಡಚಿಡು ಅಂದರೆ ಮಡಚಿ, ಮಡಚಿದ್ದನ್ನು ಮತ್ತೆ ಮಡಚಿ, ಚಡ್ಡಿ ಜೇಬಿಗೆ ತುರುಕಿಕೊಂಡ. ಸಾಲಾಗಿ ನಿಲ್ಲು ಅಂದರೆ ಒಬ್ಬನೇ ಹೇಗೆ ಸಾಲಾಗಲಿ ಅಂತ ಅತ್ತ. ಈಗ ಇಪ್ಪತ್ತಮೂರು ವರ್ಷ. ಮೀಸೆ ಬಂದಿತ್ತು. ಜೊತೆಗೆ ಬರಬೇಕಾದ್ದು ಇನ್ನೊಂದಿತ್ತು, ಅದಕ್ಕೆ ದಾರಿ ತಪ್ಪಿತ್ತು.

ಪಾಲಾಕ್ಷಮ್ಮನ ಹೊಟ್ಟೆಪಾಡು ತಾಲ್ಲೂಕು ಕಚೇರಿಯ ವರಾಂಡದಲ್ಲಿ. ಅಲ್ಲಿ ಅರ್ಜಿ ಬರೆಯುವವರ ಸಾಲಿನಲ್ಲಿ ಅವಳದೂ ಒಂದು ಮೇಜು, ಒಂದು ಬೆಂಚು. ಇಪ್ಪತ್ತೆಂಟು ವರ್ಷ ಅಲ್ಲೇ ಕೂತು ಹಳ್ಳಿಯವರ ಅರ್ಜಿಗಳನ್ನು ಟೈಪ್ ಹೊಡೆದು ಕೊಟ್ಟವಳು. ಮಶಿನ್ನಿನ ಸದ್ದೇ ಅವಳ ಅಂಗಡಿ ಬೋರ್ಡು. ಬಸ್ಸಿಳಿದವರು ಟಕಟಕ ಸದ್ದು ಹಿಡಿದುಕೊಂಡು ಸೀದಾ ಬರೋರು. ಆಮೇಲೆ ಮಶಿನ್ನಿಗೆ ರಿಬ್ಬನ್ನು ಸಿಗೋದು ನಿಂತಿತು. ಕಂಪ್ಯೂಟರು ಬಂತು. ಕಂಪ್ಯೂಟರಿಗೆ ಸದ್ದಿಲ್ಲ. ಹಳ್ಳಿಯವರು ನಿಂತು ನೋಡಿದರು. ಈಯಮ್ಮ ಬೆರಳಲ್ಲಿ ಏನೋ ಸವರ್ತಾಳೆ, ಅಕ್ಷರ ಬೀಳೋದು ಕೇಳಿಸಲ್ಲ. ಸದ್ದಿಲ್ಲದ ಗಿರಣಿಯಲ್ಲಿ ಹಿಟ್ಟು ಬಿದ್ದೀತಾ ಅಂತ, ಕೈಯಲ್ಲೇ ಬರೆದುಕೊಡುವ ಮುಂದಿನ ಮೇಜಿಗೆ ಹೋಗಿಬಿಟ್ಟರು.

ಬಜಾರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಇಮ್ತಿಯಾಜ್ ಒಂದು ಸಾಫ್ಟ್‌ವೇರ್ ಹಾಕಿಕೊಟ್ಟ. ಕೀ ಒತ್ತಿದರೆ ಹಳೇ ಮಶಿನ್ನಿನ ಹಾಗೇ ಟಕ್. ಸಾಲು ಮುಗಿದರೆ ಟಿಣ್. ಒಳಗೆ ಏನೂ ಬಡಿಯಲ್ಲ, ಸ್ಪೀಕರು ಸುಳ್ಳು ಹೇಳುತ್ತೆ ಅಷ್ಟೆ. ನಿಜಕ್ಕೆ ಬಾರದ ಜನ ಸುಳ್ಳಿಗೆ ಬಂದರು.

ಇನ್ನೇನು ದಿನ ಸರಿಹೋಯಿತು ಅನ್ನುವಾಗ ಕಣ್ಣಿಗೆ ಪೊರೆ ಬಂತು. ಬಲಿಯಲಿ, ಆಮೇಲೆ ತೆಗೆಯೋಣ ಅಂತ ಡಾಕ್ಟರು ಮಾವಿನಕಾಯಿ ಮಾತಾಡಿದ ಹಾಗೆ ಮಾತಾಡಿ ಕಳಿಸಿದರು. ಅದೇ ಹೊತ್ತಿಗೆ ಕಚೇರಿಗೆ ಹೊಸ ಶಿರಸ್ತೇದಾರರು ಬಂದರು. ವರಾಂಡದಲ್ಲಿ ಹೂಕುಂಡ ಇಡಿಸಬೇಕು, ಯಾವ ಮೇಜಿನ ಮೇಲೆ ದೂರು ಬರುತ್ತೋ ಆ ಮೇಜನ್ನು ಮೊದಲು ಎತ್ತಿಸುತ್ತೀನಿ ಅಂತ ಸಾರಿದರು. ಮೇಜು ಹೋದರೆ ಪಾಲಾಕ್ಷಮ್ಮನ ಒಲೆಯೂ ಆರಿದ ಹಾಗೇ. ಬೇರೆ ದಾರಿ ಕಾಣಲಿಲ್ಲ. ಮಗನನ್ನೇ ಕಂಪ್ಯೂಟರಿನ ಮುಂದೆ ಕೂರಿಸಿದಳು. ಅವನಿಗೆ ಅಕ್ಷರ ಬರುತ್ತಿತ್ತು, ಕಾಗುಣಿತ ಬರುತ್ತಿತ್ತು, ಅರ್ಥ ಒಂದು ಬರುತ್ತಿರಲಿಲ್ಲ. ಕಣ್ಣು ಹೋದರೇನು, ಕಿವಿ ಇದೆಯಲ್ಲ, ಸದ್ದು ಕೇಳಿದರೆ ಕೆಲಸ ನಡೆದಿದೆ ಅಂತ ತಿಳಿಯುತ್ತೆ ಅಂದುಕೊಂಡಳು.

ಮೊದಲ ದಿನ ಬುದ್ಧಿ ಹೇಳಿದಳು. "ನೋಡಪ್ಪಾ, ಮೊದ್ಲು ಕೈ ಕೂರಬೇಕು. ಕೈ ಕೂತ್ರೆ ಕೆಲಸ ತಾನೇ ಬರ್ತತಿ." ಹೇಳಿ ನೀರು ಕುಡಿಯಲು ನಲ್ಲಿಗೆ ಹೋದಳು. ತಿರುಗಿ ಬಂದರೆ ಒಂದು ಟಕ್ಕೂ ಇಲ್ಲ. ಕೈಯಾಡಿಸಿ ನೋಡಿದಳು. ಮುರಿಗ ಎರಡೂ ಅಂಗೈಯನ್ನು ಕುಂಡಿಯ ಕೆಳಗೆ ಇಟ್ಟುಕೊಂಡು, ಬೆವರು ಸುರಿಸುತ್ತಾ ಕೂತಿದ್ದ.

"ಕೈ ಕೂತಾವವ್ವ," ಅಂದ. "ಕೆಲಸ ಇನ್ನೂ ಬಂದಿಲ್ಲ."

ಪಾಲಾಕ್ಷಮ್ಮ ಹಣೆ ಚಚ್ಚಿಕೊಂಡಳು. ಕೈ ಮೇಲೆ ಕೂರೋದಲ್ಲವೋ ಕತ್ತೆ, ಕೈ ಎತ್ತಿ ಹೊಡಿ, ಎಡಗಡೆ ನಾಲ್ಕು ಬೆರಳು ಬಿಟ್ಟು ಹೊಡಿ, ಕಚೇರಿಯವರು ಫೈಲಿಗೆ ದಾರ ಪೋಣಿಸೋಕೆ ಜಾಗ ಬೇಕು ಅಂದಳು. ಮುರಿಗ ಹೂಂ ಅಂದ. ಎಡಗೈಯ ನಾಲ್ಕು ಬೆರಳನ್ನು ಮಡಚಿ ಬಿಟ್ಟ. ಉಳಿದ ಬೆರಳಲ್ಲಿ ಗಂಟೆಗೊಂದು ಸಾಲು ಹೊಡೆದ. ಕಾಯುತ್ತಿದ್ದವರು ಆಕಳಿಸಿ ಎದ್ದುಹೋದರು. ಪಾಲಾಕ್ಷಮ್ಮ ಮತ್ತೆ ಹಣೆ ಚಚ್ಚಿಕೊಂಡಳು. ಬೆರಳು ಅಷ್ಟೂ ಆಡ್ತಾ ಇರಬೇಕು, ಸದ್ದು ನಿಲ್ಲಬಾರದು, ಸದ್ದು ನಿಂತರೆ ಜನ ನಿಲ್ಲಲ್ಲ ಅಂದಳು.

ಮುರಿಗ ಹೂಂ ಅಂದ. ಅವನು ಹೂಂ ಅಂದಾಗಲೆಲ್ಲ ಯಾರಿಗೋ ಏನೋ ಕೆಡುತ್ತಿತ್ತು. ಈ ಸಲ ಕೆಟ್ಟಿದ್ದು ಸಣ್ಣ ನಿಂಗವ್ವನಿಗೆ.

ಸಣ್ಣ ನಿಂಗವ್ವನ ಕೊಟ್ಟಿಗೆ ಗೋಡೆ ಕುಸಿದು ಎಮ್ಮೆ ಸತ್ತಿತ್ತು. ಪರಿಹಾರಕ್ಕೆ ಅರ್ಜಿ ಹೊಡೆಸಲು ಬಂದಳು. ಮಾನ್ಯರೇ, ನನ್ನ ಎಮ್ಮೆ ಅಂದವಳಿಗೆ ದುಃಖ ಉಕ್ಕಿ ಬಂತು. ಸೆರಗು ಬಾಯಿಗೆ ಹಿಡಿದು ಅಳುತ್ತಾ ಕೂತಳು. ಸದ್ದು ನಿಲ್ಲಬಾರದಲ್ಲ. ಅವಳು ಅಳುವಷ್ಟು ಹೊತ್ತೂ ಮುರಿಗ ಟಕ್ ಟಕ್ ಟಕ್ ಅನ್ನಿಸುತ್ತಲೇ ಇದ್ದ. ಪಾಲಾಕ್ಷಮ್ಮನಿಗೆ ಹಿಗ್ಗು. ಅಳುವವಳ ಕಷ್ಟವನ್ನೂ ಅರ್ಥ ಮಾಡಿಕೊಂಡು ಹೊಡೀತಾನಲ್ಲ ಅಂತ ಹಿಗ್ಗು.

ಮಾರನೇ ದಿನ ಶಿರಸ್ತೇದಾರರು ಹಾಳೆ ಹಿಡಿದುಕೊಂಡು ಹೊರಗೇ ಬಂದರು. ಎಲ್ಲರೆದುರು ಓದಿದರು. "ಮಾನ್ಯರೇ, ನನ್ನ ಎಮ್ಮೆಮ್ಮೆಮ್ಮೆಮ್ಮೆಮ್ಮೆ..." ಹಾಗೇ ಏಳು ಸಾಲು. ಎಮ್ಮೆಯೇ ಬಂದು ಅರ್ಜಿ ಕೊಟ್ಟಿತೇನಮ್ಮ ಅಂತ ಕೇಳಿದರು. ವರಾಂಡ ನಕ್ಕಿತು. ಸಣ್ಣ ನಿಂಗವ್ವ ನಗಲಿಲ್ಲ. ಅವಳ ಅರ್ಜಿ ಸತ್ತ ಎಮ್ಮೆಯ ಹಿಂದೆಯೇ ಹೋಯಿತು. ಪಾಲಾಕ್ಷಮ್ಮನ ಮೇಜಿನ ಮೇಲೆ ಮೊದಲನೇ ದೂರು ಬಿತ್ತು.

"ಸುಮ್‌ಸುಮ್ನೆ ಬಡೀಬಾರದಲೇ," ಅಂದಳು ಪಾಲಾಕ್ಷಮ್ಮ. "ಅರ್ಜಿದಾರರ ಬಾಯಿಂದ ಬಂದದ್ದಷ್ಟೇ ಹೊಡಿ. ಬಂದದ್ದರಲ್ಲಿ ಒಂದು ಮಾತೂ ಬಿಡಬೇಡ."

ಮುರಿಗ ಹೂಂ ಅಂದ.

ಬೇವಿನಹಳ್ಳಿಯ ಮಾಲತೇಶಪ್ಪ ಬಂದ. ಅವನ ಹೊಲಕ್ಕೆ ಹೋಗುವ ದಾರಿಗೆ ಪಕ್ಕದವನು ಬೇಲಿ ಹಾಕಿದ್ದ. ಮಾಲತೇಶಪ್ಪ ಹೇಳುತ್ತಾ ಹೋದ, ಮುರಿಗ ಹೊಡೆಯುತ್ತಾ ಹೋದ. ಪಾಲಾಕ್ಷಮ್ಮ ಕಿವಿಗೊಟ್ಟಳು. ಮಾತಿದ್ದಾಗ ಸದ್ದು, ಮಾತಿಲ್ಲದಾಗ ಸದ್ದಿಲ್ಲ. ಬುದ್ಧಿ ಬಂತು ಅಂತ ಮನಸ್ಸಿನಲ್ಲೇ ಕೈ ಮುಗಿದಳು. ಅರ್ಜಿ ಒಳಗೆ ಹೋಯಿತು. ಅದರಲ್ಲಿ ಹೀಗಿತ್ತು:

"ಮಾನ್ಯ ತಹಶೀಲ್ದಾರರಲ್ಲಿ ವಿನಂತಿ ಎಲಡಿಕೆ ಐತೇನು ತಾಯಿ ನನ್ನ ಹೊಲದ ದಾರಿಯನ್ನು ಮುಚ್ಚಿದ್ದು ಮೂರು ಸಲ ಅರ್ಜಿ ಕೊಟ್ಟಿರುತ್ತೇನೆ ಖ್ಯಾಕ್ ಥೂ ಈ ಕಚೇರಿ ಗೋಡೆಗೆ ಹೇಳಿದ್ರೆ ಗೋಡೆನಾದ್ರೂ ಹೂಂ ಅಂತಿತ್ತು ಆ ಬೋಳುತಲೆ ಶಿರಸ್ತೇದಾರ ಬಂದ ದಿನವೇ ಕುರ್ಚಿಗೆ ಬೇರು ಬಿಟ್ಟಾನೆ ಇದನ್ನ ಹೊಡೀಬೇಡ ಮತ್ತೆ ಆದ್ದರಿಂದ ದಯವಿಟ್ಟು ಕ್ರಮ ಕೈಗೊಳ್ಳಬೇಕು."

ಇಷ್ಟು ನಿಜವಾದ ಅರ್ಜಿ ಆ ಕಚೇರಿಗೆ ಅದುವರೆಗೆ ಬಂದಿರಲಿಲ್ಲ. ಅದಕ್ಕೇ ಅದು ಅರ್ಧ ಗಂಟೆಯಲ್ಲಿ ತಿರಸ್ಕಾರವಾಯಿತು. ಅಷ್ಟು ಬೇಗ ಯಾವ ಕೆಲಸವೂ ಅಲ್ಲಿ ಆಗಿರಲಿಲ್ಲ.

ಎರಡನೇ ದೂರು ಶಿರಸ್ತೇದಾರರದೇ. ಹೊರಗೆ ಬಂದು ಮೇಜು ಗುದ್ದಿದರು. ಶನಿವಾರ ಸಂಜೆ ಐದರೊಳಗೆ ಈ ಜಾಗ ನಿಮಗೆ ಯಾಕೆ ಬೇಕು ಅಂತ ಬರವಣಿಗೆಯಲ್ಲಿ ಅರ್ಜಿ ಕೊಡಬೇಕು, ಕೊಟ್ಟರೆ ನೋಡೋಣ, ಇಲ್ಲದಿದ್ದರೆ ಮೇಜು ಬೀದಿಗೆ ಅಂದರು.

ಪಾಲಾಕ್ಷಮ್ಮನಲ್ಲಿ ಆ ದಿನ ಹಣೆ ಚಚ್ಚಿಕೊಳ್ಳುವಷ್ಟೂ ತ್ರಾಣ ಉಳಿದಿರಲಿಲ್ಲ. ಮಗನನ್ನು ಹತ್ತಿರ ಕರೆದು, ನಾನು ಶುರು ಅಂದಮೇಲೆ ಶುರು ಮಾಡು, ಸಾಕು ಅಂದಾಗ ನಿಲ್ಲಿಸು, ನಡುವೆ ಕೆಮ್ಮಿದ್ದು ಉಗುಳಿದ್ದು ಹೊಡೀಬೇಡ ಅಂದಳು. ಪಕ್ಕದ ಮೇಜಿನವರಿಗೆ ಗೊತ್ತಾದರೆ ನಮ್ಮ ಜಾಗಕ್ಕೆ ಅವರೂ ಅರ್ಜಿ ಹಾಕ್ತಾರೆ, ಅದಕ್ಕೇ ಸದ್ದಿಲ್ಲದೆ ಕೆಲಸ ಮುಗಿಸಬೇಕು ಅಂದಳು.

ಮುರಿಗ ಹೂಂ ಅಂದ. ಸ್ಪೀಕರಿನ ಸದ್ದನ್ನೇ ತೆಗೆದುಬಿಟ್ಟ.

ಶನಿವಾರ ನಾಲ್ಕು ಗಂಟೆ. ಪಾಲಾಕ್ಷಮ್ಮ ಶುರು ಅಂದಳು. ಪಾಲಾಕ್ಷಮ್ಮ ಆದ ನಾನು ಇಪ್ಪತ್ತೆಂಟು ವರ್ಷದಿಂದ ಇದೇ ಜಾಗದಲ್ಲಿ ಕೂತು ಅರ್ಜಿ ಬರೆದುಕೊಟ್ಟು ಜೀವನ ಮಾಡಿರುತ್ತೇನೆ ಅಂದಳು. ಆಮೇಲಿನದನ್ನೂ ಹೇಳಿಯೇಬಿಟ್ಟಳು. ನನ್ನ ಮಗ ಬುದ್ಧಿಯಲ್ಲಿ ಮಂದ ಇರುತ್ತಾನೆ. ಮುರಿಗ ಅದನ್ನೂ ಹೊಡೆದ, ಒಂದು ಕೊಂಬು ದೀರ್ಘ ತಪ್ಪದೆ. ಈ ಜಾಗ ಹೋದರೆ ನಮ್ಮಿಬ್ಬರಿಗೂ ಬೇರೆ ಗತಿ ಇರುವುದಿಲ್ಲ. ಸಾಕು.

ಪರದೆಯ ಮೇಲೆ ಅರ್ಜಿ ಅಷ್ಟೂ ಸರಿಯಾಗಿತ್ತು. ಹುಟ್ಟಿದ ಮೇಲೆ ಮುರಿಗ ಮಾಡಿದ ಮೊದಲ ಸರಿ ಕೆಲಸ ಅದು. ನೋಡಬೇಕಾದವಳಿಗೆ ಕಣ್ಣಿಲ್ಲ. ಕೇಳೋಣ ಅಂದರೆ ಸದ್ದಿಲ್ಲ.

"ನೀನು ಏನೂ ಹೊಡೆದಿಲ್ಲ," ಅಂದಳು ಪಾಲಾಕ್ಷಮ್ಮ.

"ಹೊಡೆದೀನವ್ವ."

ಓದು ಅಂದಳು. ಓದಿದ. ನಾನು ಹೇಳಿದ್ದನ್ನೇ ಗಿಳಿ ಹಾಗೆ ಒಪ್ಪಿಸ್ತಾನೆ ಅಂತ ಅವಳಿಗೆ ಸಿಟ್ಟು ಬಂತು. ನಂಬಬಹುದಿತ್ತು, ನಂಬಲಿಲ್ಲ. ಗಿರಣಿಯ ಮಾತಾಡಿ ಹೊರಟುಹೋದ ಹಳ್ಳಿಯವರಿಗೂ ಅವಳಿಗೂ ಆ ಗಳಿಗೆಯಲ್ಲಿ ವ್ಯತ್ಯಾಸ ಇರಲಿಲ್ಲ. ಒಳಗಿನ ಗಡಿಯಾರ ನಾಲ್ಕೂವರೆ ಹೊಡೆಯಿತು.

"ಸದ್ದು ಹಾಕು. ಅದೇನು ಹೊಡೆದೀಯೋ ಅದನ್ನ ಒಂದಕ್ಷರ ಬಿಡದಂಗೆ ಅಳಿಸು. ಅಳಿಸಿ ಹೊಡಿ. ನನ್ನ ಕಿವಿಗೆ ಬೀಳಬೇಕು."

ಮುರಿಗ ಹೂಂ ಅಂದ. ಸದ್ದು ಹಾಕಿದ. ಅಳಿಸಲು ಶುರು ಮಾಡಿದ.

ಪಾಲಾಕ್ಷಮ್ಮನ ಹಳೇ ಮಶಿನ್ನಿನಲ್ಲಿ ಅಳಿಸುವ ಕೀ ಇರಲಿಲ್ಲ. ತಪ್ಪಾದರೆ ರಬ್ಬರಿನಲ್ಲಿ ಉಜ್ಜಬೇಕು. ಅವಳ ಕಿವಿಗೆ ಗೊತ್ತಿದ್ದದ್ದು ಒಂದೇ, ಟಕ್ ಅಂದರೆ ಒಂದು ಅಕ್ಷರ ಬಿತ್ತು ಅಂತ. ಸಾಫ್ಟ್‌ವೇರಿಗೆ ಆ ಭೇದ ಇಲ್ಲ. ಇಟ್ಟರೂ ಟಕ್, ಕಿತ್ತರೂ ಟಕ್, ಸಾಲು ದಾಟಿದರೆ ಎರಡಕ್ಕೂ ಟಿಣ್. ಕೀ ಒತ್ತಿ ಹಿಡಿದರೆ ಸರ್ರನೆ ಎಲ್ಲ ಹೋಗುತ್ತಿತ್ತು. ಒಂದಕ್ಷರ ಬಿಡದಂಗೆ ಅಂದಿದ್ದಳಲ್ಲ, ಅದಕ್ಕೆ ಒಂದೊಂದೇ. ಟಕ್, ಟಕ್, ಟಕ್. ಮೊದಲು ಗತಿ ಹೋಯಿತು. ಆಮೇಲೆ ಜಾಗ ಹೋಯಿತು. ಮಂದ ಹೋಯಿತು, ಬುದ್ಧಿ ಹೋಯಿತು, ಮಗ ಹೋದ. ಇಪ್ಪತ್ತೆಂಟು ವರ್ಷ ಹೋಯಿತು. ಕಡೆಗೆ ಪಾಲಾಕ್ಷಮ್ಮನೇ ಹೋದಳು.

ಬೆಂಚಿನ ಮೇಲೆ ಕೂತ ಪಾಲಾಕ್ಷಮ್ಮ ತಲೆದೂಗುತ್ತಿದ್ದಳು. ಎಷ್ಟು ಸಮವಾದ ಸದ್ದು. ಎಲ್ಲೂ ತಡವರಿಸುವುದಿಲ್ಲ. ತಾನು ವಯಸ್ಸಿನಲ್ಲಿ ಹೊಡೆಯುತ್ತಿದ್ದಾಗಲೂ ಇಷ್ಟು ಸೊಗಸಾಗಿ ಹೊಡೆದಿರಲಿಲ್ಲ. ನಾನು ಸತ್ತರೂ ಇವನು ಬದುಕಿಕೊಳ್ತಾನೆ ಅಂತ ಆಗ ಮೊದಲ ಸಲ ಅನ್ನಿಸಿತು. ಸದ್ದು ನಿಂತಿತು.

"ಮುಗೀತೇನಪ್ಪಾ?"

"ಹೂಂ. ಇನ್ನು..."

"ಇನ್ನು ಗಿನ್ನು ಏನಿಲ್ಲ. ಚೆನ್ನಾಗಿ ಬಂದದ್ದನ್ನ ಕೆಡಿಸಬೇಡ. ಒಂದಕ್ಷರ ಮುಟ್ಟಬೇಡ. ಪ್ರಿಂಟು ತೆಗಿ."

ಮುಟ್ಟಬೇಡ ಅಂದಮೇಲೆ ಮುಟ್ಟಲಿಲ್ಲ. ತೆಗಿ ಅಂದಮೇಲೆ ತೆಗೆದ. ಹಾಳೆ ಪ್ರಿಂಟರಿನಿಂದ ಬಿಸಿಬಿಸಿಯಾಗಿ ಬಂತು. ಪಾಲಾಕ್ಷಮ್ಮ ಅದನ್ನು ಕೆನ್ನೆಗೆ ಒತ್ತಿಕೊಂಡಳು. ಕೆಳಗೆ ಬಲಕ್ಕೆ ಬೆರಳು ಸವರಿ ಅಂದಾಜಿನಲ್ಲಿ ಸಹಿ ಹಾಕಿದಳು. ಐದಕ್ಕೆ ಹತ್ತು ನಿಮಿಷ ಇರುವ ಹಾಗೇ ಒಳಗೆ ಕೊಟ್ಟಳು. ಕಾಗದ ತೆಗೆದುಕೊಳ್ಳುವವನು ಮೊಹರು ಒತ್ತಿ, ನಂಬರು ಬರೆದು, ತಟ್ಟೆಗೆ ಹಾಕಿದ. ಮೊಹರು ಒತ್ತು ಅಂತ ಅವನಿಗೆ ಹೇಳಿದ್ದರು, ಓದು ಅಂತ ಹೇಳಿರಲಿಲ್ಲ. ಅವನೂ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಆದರೆ ಅವನನ್ನು ಯಾರೂ ಪೆದ್ದ ಅನ್ನುವುದಿಲ್ಲ, ಗುಮಾಸ್ತ ಅನ್ನುತ್ತಾರೆ.

ಮಂಗಳವಾರ ಉತ್ತರ ಬಂತು. ಮುರಿಗನೇ ಓದಿದ. "ಸದರಿ ಅರ್ಜಿದಾರರು ತಮ್ಮ ಅರ್ಜಿಯಲ್ಲಿ ಏನನ್ನೂ ಕೋರಿರುವುದಿಲ್ಲವಾದ್ದರಿಂದ ಏನನ್ನೂ ಮಂಜೂರು ಮಾಡಲು ಬರುವುದಿಲ್ಲ. ಈ ದಿನ ಸಂಜೆಯೊಳಗೆ ಖಾಲಿ ಮಾಡತಕ್ಕದ್ದು."

ಶನಿವಾರ ಏನು ಮಾಡಿದೆ ಅಂತ ಕೇಳಿದಳು. ಅಳಿಸು ಅಂದೆ, ಅಳಿಸಿದೆ, ಮುಟ್ಟಬೇಡ ಅಂದೆ, ಮುಟ್ಟಲಿಲ್ಲ ಅಂದ. ಪಾಲಾಕ್ಷಮ್ಮ ಬೈಯಲಿಲ್ಲ. ಅವನು ಹೇಳಿದ್ದರಲ್ಲಿ ಬೈಯುವಂಥದ್ದು ಏನೂ ಸಿಗಲಿಲ್ಲ. ಇಷ್ಟೇ ಅಂದಳು.

"ಖಾಲಿ ಮಾಡಪ್ಪಾ. ಏನೂ ಉಳಿಸಬೇಡ."

ಅಂದವಳು ಮೇಜು ಹೊರಲು ಹಮಾಲಿಯನ್ನು ಹುಡುಕಿಕೊಂಡು ಗೋಡೆ ಸವರುತ್ತಾ ಗೇಟಿನ ಕಡೆ ಹೋದಳು. ಅವಳು ತಿರುಗಿ ಬರುವಾಗ ವರಾಂಡದಲ್ಲಿ ಟಕ್ ಟಕ್ ಟಕ್ ಅಂತ ಜೋರು ಸದ್ದು. ಶಿರಸ್ತೇದಾರರೂ ಅದನ್ನು ಕೇಳಿಯೇ ಹೊರಗೆ ಬಂದಿದ್ದರು. ಖಾಲಿ ಮಾಡು ಅಂದರೆ ಇನ್ನೂ ಅರ್ಜಿ ಹೊಡೀತಾ ಕೂತಿದ್ದೀಯಲ್ಲ ಅಂತ ಗದರಿದರು.

"ಖಾಲೀನೇ ಮಾಡಾಕ ಕುಂತೀನಿ ಸಾರ್," ಅಂದ ಮುರಿಗ, ಕೈ ನಿಲ್ಲಿಸದೆ. "ಇನ್ನೂ ನಲವತ್ತು ಅರ್ಜಿ ಅದಾವು. ಸಂಜೆ ಒಳಗೆ ಒಂದಕ್ಷರಾನೂ ಉಳಿಸಲ್ಲ."

ಅವು ಹಳ್ಳಿಯವರ ಅರ್ಜಿಗಳು. ನಿಮ್ಮ ಕಾಗದ ಕಚೇರಿಯಲ್ಲಿ ಕಳೆದುಹೋಗಿದೆ ಅಂತ ಒಳಗಿನವರು ಹೇಳಿದಾಗಲೆಲ್ಲ ಮತ್ತೆ ತೆಗೆದುಕೊಡಲು ಪಾಲಾಕ್ಷಮ್ಮ ಕಂಪ್ಯೂಟರಿನಲ್ಲಿ ಜೋಪಾನ ಮಾಡಿದ್ದವು. ಬೇರೆಲ್ಲೂ ಅವುಗಳ ಗುರುತು ಇರಲಿಲ್ಲ. ನಿಲ್ಲಿಸೋ ಅಂತ ಅವಳು ಕೂಗುವಷ್ಟರಲ್ಲಿ ಶಿರಸ್ತೇದಾರರು ಅವಳ ಭುಜ ಹಿಡಿದು, ಇದು ಕಚೇರಿ ಆದೇಶ, ನಡುವೆ ಬಾಯಿ ಹಾಕಬೇಡಮ್ಮ ಅಂತ ಬೆಂಚಿನ ಮೇಲೆ ಕೂರಿಸಿದರು. ನಲವತ್ತು ಅರ್ಜಿಯ ತಲೆನೋವು ಒಂದೇ ಸಲ ಕಳೆದವರ ಹಾಗೆ ಅವರ ಮುಖ ಅರಳಿತ್ತು. ಹೂಕುಂಡ ನಾಳೆ ಬಂದರೂ ನಡೆಯುತ್ತೆ, ಅವಸರ ಮಾಡಬೇಡ, ನಿಧಾನಕ್ಕೆ ಮುಗಿಸಪ್ಪ ಅಂದರು. ಒಳಗಿನಿಂದ ಎರಡು ಲೋಟ ಚಹಾ ತರಿಸಿದರು.

ಪಾಲಾಕ್ಷಮ್ಮ ಲೋಟ ಮುಟ್ಟಲಿಲ್ಲ. ಮುರಿಗ ಒಂದು ಕೈಯಲ್ಲಿ ಚಹಾ ಹೀರುತ್ತಾ, ಇನ್ನೊಂದು ಕೈಯಲ್ಲಿ ಟಕ್ ಟಕ್ ಅಂತ, ತಾಲ್ಲೂಕಿನ ಕಷ್ಟಗಳನ್ನು ಒಂದೊಂದೇ ಅಕ್ಷರ ಪರಿಹಾರ ಮಾಡುತ್ತಾ ಕೂತ.