ಮಾರಕ್ಕನ ಟೆಂಪೊ, ಗವಿಯಪ್ಪನ ಬೇರಿಂಗು

ಗವಿಯಪ್ಪ ಮೋಸ ಮಾಡಿದ. ಅವನದು ಗಾಡಿ ಸಾಮಾನಿನ ಅಂಗಡಿ. ಸವೆದ ಬೇರಿಂಗಿಗೆ ಕರಿ ಬಣ್ಣ ಬಳಿದ. ಹೊಸದು ಅಂದ. ಮಾರಕ್ಕನಿಗೆ ಮಾರಿದ.

ಮಾರಕ್ಕನಿಗೆ ಒಂದು ಟೆಂಪೊ. ಕಲ್ಲು ಒಡೆಯುವವರ ಹಟ್ಟಿಯಿಂದ ಏಳು ಮಕ್ಕಳನ್ನು ಶಾಲೆಗೆ ಒಯ್ಯುವ ಟೆಂಪೊ. ಅದರ ಹೊಟ್ಟೆಯ ಕೆಳಗೆ ಉದ್ದನೆಯ ಶಾಫ್ಟು. ಶಾಫ್ಟು ತಿರುಗಿದರೆ ಚಕ್ರ ತಿರುಗುತ್ತದೆ. ಶಾಫ್ಟು ಜೋಲದಂತೆ ನಡುವೆ ಹಿಡಿದುಕೊಳ್ಳುವುದು ಬೇರಿಂಗು. ಇದು ಹಿಡಿಯಲಿಲ್ಲ. ಹತ್ತೇ ದಿನಕ್ಕೆ ಗಡಗಡ ಅಂತು. ಟೆಂಪೊ ಅಂಗಳದಲ್ಲೇ ನಿಂತಿತು.

ಶಾಲೆ ಐದು ಮೈಲಿ. ಶಾಲೆಯಲ್ಲಿ ಮಧ್ಯಾಹ್ನ ಮೊಟ್ಟೆ. ಟೆಂಪೊ ಇಲ್ಲ, ಶಾಲೆ ಇಲ್ಲ, ಮೊಟ್ಟೆ ಇಲ್ಲ.

"ನನ್ನ ಮೊಟ್ಟೆ ಯಾರು ತಿಂದರು ಮಾರಕ್ಕಾ?" ಅಂದಳು ಪುಟ್ಟ ಹುಚ್ಚೀರಿ.

ಮಾರಕ್ಕ ಎದ್ದಳು. ಸೆರಗು ಸಿಕ್ಕಿಸಿದಳು. ಗವಿಯಪ್ಪನ ಹತ್ತಿರ ಹೋದಳು.

"ಬೇರಿಂಗು ಕೊಡು."

"ಹಳೇದು ಬಿಚ್ಚಿ ತಾ. ಆಮೇಲೆ ನೋಡೋಣ."

ಮಾರಕ್ಕ ಮೆಕ್ಯಾನಿಕ್ ಮಕ್ಬೂಲನ ಹತ್ತಿರ ಹೋದಳು.

"ಮೊಟ್ಟೆ ಹೋಯಿತು, ಟೆಂಪೊ ಓಡದು.
ಗವಿಯಪ್ಪ ಬೇರಿಂಗು ಕೊಡ, ಹಳೇದು ಬೇಕಂತೆ.
ಮಕ್ಬೂಲಣ್ಣ, ಸ್ಪ್ಯಾನರ್ ಕೊಡು."

"ಓಡಿಸೋದು ಗೊತ್ತು ನಿನಗೆ. ಬಿಚ್ಚೋದು ಗೊತ್ತಾ? ಮೊದಲು ಟೆಂಪೊ ಮೇಲೆತ್ತು, ಹೋಗು!"

ಮಾರಕ್ಕ ಟ್ರ್ಯಾಕ್ಟರ್ ಚೌಡಪ್ಪನ ಹತ್ತಿರ ಹೋದಳು.

"ಮೊಟ್ಟೆ ಹೋಯಿತು, ಟೆಂಪೊ ಓಡದು.
ಗವಿಯಪ್ಪ ಬೇರಿಂಗು ಕೊಡ, ಹಳೇದು ಬೇಕಂತೆ.
ಮಕ್ಬೂಲ ಸ್ಪ್ಯಾನರ್ ಕೊಡ, ಟೆಂಪೊ ಮೇಲೇಳಬೇಕಂತೆ.
ಚೌಡಪ್ಪಣ್ಣ, ಜಾಕ್ ಕೊಡು."

"ನಿನ್ನ ಅಂಗಳ ಬರೀ ಮಣ್ಣು. ಜಾಕ್ ಹೂತು ಹೋಗುತ್ತೆ. ಚಪ್ಪಡಿ ತಾ, ಹೋಗು!"

ಮಾರಕ್ಕ ಕಲ್ಲು ಸೀಳುವ ಓಬಕ್ಕನ ಹತ್ತಿರ ಹೋದಳು.

"ಮೊಟ್ಟೆ ಹೋಯಿತು, ಟೆಂಪೊ ಓಡದು.
ಗವಿಯಪ್ಪ ಬೇರಿಂಗು ಕೊಡ, ಹಳೇದು ಬೇಕಂತೆ.
ಮಕ್ಬೂಲ ಸ್ಪ್ಯಾನರ್ ಕೊಡ, ಟೆಂಪೊ ಮೇಲೇಳಬೇಕಂತೆ.
ಚೌಡಪ್ಪ ಜಾಕ್ ಕೊಡ, ಚಪ್ಪಡಿ ಬೇಕಂತೆ.
ಓಬಕ್ಕಾ, ಚಪ್ಪಡಿ ಕೊಡು."

"ಉಳಿ ಮೊಂಡಾಗಿದೆ ಕಣೇ. ಹಲ್ಲಲ್ಲಿ ಸೀಳಲಾ? ಹರಿತ ಮಾಡಿಸಿ ತಾ, ಹೋಗು!"

ಮಾರಕ್ಕ ಉಳಿ ಹಿಡಿದು ಕುಲುಮೆಯ ಕಾಳಾಚಾರಿಯ ಹತ್ತಿರ ಹೋದಳು.

"ಮೊಟ್ಟೆ ಹೋಯಿತು, ಟೆಂಪೊ ಓಡದು.
ಗವಿಯಪ್ಪ ಬೇರಿಂಗು ಕೊಡ, ಹಳೇದು ಬೇಕಂತೆ.
ಮಕ್ಬೂಲ ಸ್ಪ್ಯಾನರ್ ಕೊಡ, ಟೆಂಪೊ ಮೇಲೇಳಬೇಕಂತೆ.
ಚೌಡಪ್ಪ ಜಾಕ್ ಕೊಡ, ಚಪ್ಪಡಿ ಬೇಕಂತೆ.
ಓಬಕ್ಕ ಚಪ್ಪಡಿ ಕೊಡಳು, ಉಳಿ ಮೊಂಡಂತೆ.
ಕಾಳಾಚಾರಿ, ಉಳಿ ಹರಿತ ಮಾಡು."

"ಬೆಂಕಿಗೆ ಗಾಳಿ ಬೇಕು. ತಿದಿ ಊದೋರು ಯಾರು? ನಿಮ್ಮಪ್ಪನಾ?"

ಮಾರಕ್ಕನಿಗೆ ಕಣ್ಣು ಕೆಂಪಾಯಿತು. "ಹೋಗು, ಹೋಗು, ಹೋಗು! ಊರೆಲ್ಲ ಇದೇ ಮಾತು. ಇನ್ನೆಲ್ಲಿಗೆ ಹೋಗಲಿ?"

"ನಾವು ಊದ್ತೀವಿ!"

ಏಳು ಮಕ್ಕಳು. ಬೆಳಗಿನಿಂದ ಅವಳ ಬೆನ್ನ ಹಿಂದೆಯೇ ನಡೆದಿದ್ದರು. ಅವರನ್ನು ಯಾರೂ ಕೇಳಿರಲೇ ಇಲ್ಲ.

ಮಕ್ಕಳು ತಿದಿ ಊದಿದರು. ಬುಸ್! ಬುಸ್! ಬೆಂಕಿ ಎದ್ದಿತು. ಕಾಳಾಚಾರಿ ಉಳಿ ಹರಿತ ಮಾಡಿದ. ಓಬಕ್ಕ ಚಪ್ಪಡಿ ಸೀಳಿದಳು. ಚೌಡಪ್ಪ ಚಪ್ಪಡಿಯ ಮೇಲೆ ಜಾಕ್ ಇಟ್ಟ. ಟೆಂಪೊ ಮೇಲೆದ್ದಿತು. ಉರುಳದಂತೆ ಮೊದಲೇ ಚಕ್ರಕ್ಕೆ ಕಲ್ಲು ಒತ್ತಿಟ್ಟಿದ್ದರು. ಮಕ್ಬೂಲ ಸ್ಪ್ಯಾನರ್ ತಂದ. ತಾನೇ ಕೆಳಗೆ ನುಗ್ಗಿ ಬೋಲ್ಟಿಗೆ ಕೈ ಹಾಕಿದ.

"ಏಯ್, ತಡಿ!" ಅಂದಳು ಮಾರಕ್ಕ. "ಮೊದಲು ಗುರುತು! ಶಾಫ್ಟು ಇದ್ದ ಹಾಗೇ ಮತ್ತೆ ಕೂರಬೇಕು. ಇಲ್ಲದಿದ್ದರೆ ಟೆಂಪೊ ಚಳಿಜ್ವರ ಬಂದ ಹಾಗೆ ನಡುಗುತ್ತೆ."

ಮಕ್ಬೂಲ ಕೈ ಹಿಂದೆಗೆದ. ಹುಚ್ಚೀರಿ ಚೀಲದಿಂದ ಬಳಪ ಕೊಟ್ಟಳು. ಮಾರಕ್ಕ ಶಾಫ್ಟಿನ ಸಂದಿಯ ಎರಡೂ ಕಡೆಗೆ ಬಿಳಿ ಗೆರೆ ಎಳೆದಳು. ಸ್ಪ್ಯಾನರ್ ಕಿತ್ತುಕೊಂಡಳು. ತಾನೇ ಬಿಚ್ಚಿದಳು. ಬೇರಿಂಗು ಹೊರಗೆ ಬಂತು. ಉಗುರಲ್ಲಿ ಕೆರೆದಳು. ಕರಿ ಬಣ್ಣದ ಕೆಳಗೆ ತುಕ್ಕು!

ಎಲ್ಲರೂ ಗವಿಯಪ್ಪನ ಅಂಗಡಿಗೆ ನಡೆದರು.

"ಮಕ್ಕಳು ತಿದಿ ಊದಿದರು.
ಕಾಳಾಚಾರಿ ಉಳಿ ಕೊಟ್ಟ.
ಓಬಕ್ಕ ಚಪ್ಪಡಿ ಕೊಟ್ಟಳು.
ಚೌಡಪ್ಪ ಜಾಕ್ ಕೊಟ್ಟ.
ಮಕ್ಬೂಲ ಸ್ಪ್ಯಾನರ್ ಕೊಟ್ಟ.
ತಗೋ ನಿನ್ನ ತುಕ್ಕು. ಹೊಸ ಬೇರಿಂಗು ಕೊಡು!"

"ನಾಳೆ ಬಾ," ಅಂದ ಗವಿಯಪ್ಪ.

"ನಾಳೆಗೆ ಇವತ್ತಿನ ಮೊಟ್ಟೆ ಬರುತ್ತಾ?" ಅಂದಳು ಹುಚ್ಚೀರಿ. ಏಳು ಮಕ್ಕಳು ಅಂಗಡಿ ಮೆಟ್ಟಿಲ ಮೇಲೆ ಕೂತರು. ದೊಡ್ಡವರು ಬಾಗಿಲಿಗೆ ಅಡ್ಡ ನಿಂತರು. ಒಳಗಿದ್ದ ಗಿರಾಕಿ ತುಕ್ಕು ನೋಡಿದ. ಕೊಳ್ಳಲು ತೆಗೆದ ಡಬ್ಬಿ ಕೆಳಗಿಟ್ಟ.

ಗವಿಯಪ್ಪ ಬೆವೆತ. ಒಂದು ಬೇರಿಂಗು ಕೊಟ್ಟ. ಮಾರಕ್ಕ ಕಿವಿಗೆ ಹಿಡಿದು ತಿರುಗಿಸಿದಳು. ಗರಗರ!

"ಇದಲ್ಲ."

ಇನ್ನೊಂದು ಕೊಟ್ಟ. ತಿರುಗಿಸಿದಳು. ಸದ್ದೇ ಇಲ್ಲ.

"ಇದು."

ಅಂಗಳಕ್ಕೆ ಮರಳಿ ಬೇರಿಂಗು ಕೂರಿಸಿದಳು. ಗೆರೆಗೆ ಗೆರೆ ಸೇರಿಸಿದಳು. ಬೋಲ್ಟು ಬಿಗಿದಳು. ಮರುದಿನ ಟೆಂಪೊ ಓಡಿತು. ಶಾಲೆ ಬಂತು. ಮಧ್ಯಾಹ್ನವೂ ಬಂತು. ಹುಚ್ಚೀರಿ ಮೊಟ್ಟೆ ಸುಲಿದಳು. ಗಬಕ್ಕನೆ ತಿಂದಳು.

ಮಕ್ಕಳೇ, ನಿಮ್ಮ ಬೀದಿಯಲ್ಲೂ ಯಾರದೋ ಕೆಲಸ ನಿಂತಿದೆ. ದೊಡ್ಡವರು "ಹೋಗು, ಹೋಗು" ಅನ್ನುತ್ತಿದ್ದಾರೆ. ನಿಮ್ಮನ್ನು ಯಾರೂ ಕರೆಯುವುದಿಲ್ಲ. ಕಾಯಬೇಡಿ. ಏಳಿ. ಹೋಗಿ ಕೈ ಹಾಕಿ!